ಮಡುವಿನ ದೊರೆಯ ಮಾತು

ನವಲಿಯ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿ ಮುನವ್ವರನದು. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಅವನು, ಅವನ ತಂಗಿ ನಾಹೀದಾ, ಗೆಳೆಯ ಹಾಲೇಶ ಮೂವರೂ ಆಟಕ್ಕೆ ಕೂಡುತ್ತಿದ್ದರು. ಕೊಪ್ಪಳದಲ್ಲಿ ಓದುವಾಗ ಹಾಸ್ಟೆಲ್ಲಿನ ಹುಡುಗರಿಂದ ಮುನವ್ವರ ಕಲಿತು ಬಂದ ಆಟ ಅದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಕಥೆಯೊಳಗೆ ಒಂದೊಂದು ಪಾತ್ರವಾಗಿ, ಆ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ. ಅದು ನಡೆಯುತ್ತದೋ ಇಲ್ಲವೋ ಅನ್ನುವುದು ಇಪ್ಪತ್ತು ಮುಖದ ದಾಳಕ್ಕೆ ಬಿಟ್ಟದ್ದು.

"ಪಾತ್ರಕ್ಕ ಶಕ್ತಿ ಬೇಕಂದ್ರ ಎರಡು ದಾರಿ ಅದಾವ," ಅಂತ ಮುನವ್ವರ ಮೊದಲ ದಿನವೇ ಹೇಳಿದ್ದ. "ಒಂದು, ದೇವ್ರನ್ನ ನಂಬೋದು. ದೇವ್ರು ಒಂದು ವ್ರತ ಹಾಕತೈತಿ. ವ್ರತ ನಡಸೋ ತನಕ ಶಕ್ತಿ ಇರತೈತಿ, ಮುರದ್ರ ಹೋಗತೈತಿ. ಇನ್ನೊಂದು, ಯಾರರ ದೊಡ್ಡವರ ಕೂಡ ಮಾತು ಮಾಡಿಕೊಳ್ಳೋದು. ಭೂತ ಇರಬಹುದು, ಹೊಳಿ ಒಳಗಿನ ದೊರಿ ಇರಬಹುದು. ಅವ್ರು ವ್ರತ-ಗಿತ ಕೇಳಂಗಿಲ್ಲ. ಇವತ್ತು ಕೊಡತಾರ. ಯಾವತ್ತರ ಒಂದಿನ ತಿರುಗಿ ಕೇಳತಾರ."

"ಏನ್ ಕೇಳತಾರ?" ಅಂದಿದ್ದ ಹಾಲೇಶ.

"ಅದನ್ನ ಮೊದಲ ಹೇಳಂಗಿಲ್ಲ."

ನಾಹೀದಾ ದೇವರ ದಾರಿ ಹಿಡಿದಳು. ಅವಳ ಪಾತ್ರ ದೀಪದ ತಾಯಿ ಅನ್ನುವ ದೇವತೆಯ ಭಕ್ತೆ. ಕತ್ತಲಲ್ಲಿ ಸಿಕ್ಕವರನ್ನು ಬಿಟ್ಟು ಹೋಗಬಾರದು ಅನ್ನುವುದು ಅವಳ ವ್ರತ. ಇದ್ಯಾವ ದೇವರು ಅಂತ ಮನೆಯಲ್ಲಿ ಅವಳ ತಾಯಿ ಫಾತಿಮಾಬೀ ಅನುಮಾನದಿಂದ ಕೇಳಿದಾಗ, "ಆಟದಾಗಿನ ದೇವ್ರು ಆಟದಾಗ ಇರತೈತಿ ಅಮ್ಮಾ," ಅಂದು ನಕ್ಕಿದ್ದಳು. ಹಾಲೇಶನಿಗೆ ವ್ರತದ ಗೊಡವೆ ಬೇಡವಾಗಿತ್ತು. ಅವನ ಪಾತ್ರ ಕರಿಯ ಅನ್ನುವ ಅಂಬಿಗ. ಕರಿಯ ಮಡುವಿನ ದೊರೆಗೆ ಮಾತು ಕೊಟ್ಟು, ಹರಿಯುವ ನೀರನ್ನು ಬೆರಳಿನಿಂದ ಏರಿಸಿ ಇಳಿಸುವ ಶಕ್ತಿ ಪಡೆದ.

ಹಾಲೇಶನ ದಿನದ ಕೆಲಸವೂ ನೀರಿನದೇ. ಉಪಕಾಲುವೆಯ ಮೇಲೆ ಗುತ್ತಿಗೆಯ ಗ್ಯಾಂಗ್‌ಮನ್. ಪಾಳಿ ಪ್ರಕಾರ ಗೇಟು ಏರಿಸಬೇಕು, ಇಳಿಸಬೇಕು. ಎರಡು ವರ್ಷ ಕೆಲಸವಿಲ್ಲದೆ ಅಲೆದವನಿಗೆ ಅದನ್ನು ಕೊಡಿಸಿದ್ದು ಅಕ್ಕಿ ಗಿರಣಿಯ ವಿರುಪಣ್ಣ. ಕಾಲುವೆ ಕೆಲಸದ ಗುತ್ತಿಗೆಯೂ, ಮೇಲಿನ ಕವಲಿನ ಗದ್ದೆಗಳೂ ಅವನವೇ. ಹಾಲೇಶನ ತಾಯಿ ಅನ್ನಮ್ಮ ಗಿರಣಿಯ ಮುಂದೆ ಹಾಯುವಾಗೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಆ ಭಾನುವಾರ ಕಥೆ ತೂಗುಸೇತುವೆಗೆ ಬಂದು ನಿಂತಿತ್ತು. ಸುಟ್ಟ ಕೋಟೆಯಿಂದ ಓಡಿ ಬಂದ ಮಂದಿ ಮಕ್ಕಳು-ಮರಿ ಕಟ್ಟಿಕೊಂಡು ಹೊಳೆ ದಾಟುತ್ತಿದ್ದರು. ಮುಂದೆ ದೀಪ ಹಿಡಿದು ನಾಹೀದಾಳ ಪಾತ್ರ. ಕೆಳಗೆ ದೋಣಿಯಲ್ಲಿ ಕರಿಯ, ನೀರನ್ನು ತಗ್ಗಿಸಿ ಹಿಡಿದಿದ್ದ.

ಮುನವ್ವರ ದನಿ ಇಳಿಸಿದ. "ಕರಿಯಾ, ದೋಣಿ ತಳದಾಗ ಯಾರೋ ಬಡದಂಗ ಆತು. ಮಡುವಿನ ದೊರಿ ಮಾತಾಡಾಕತ್ಯಾನ. 'ಇಷ್ಟು ದಿನ ನಾ ಏನೂ ಕೇಳಿಲ್ಲ. ಈಗ ಕೇಳತೀನಿ. ಹೊಳಿ ಏರಿಸು. ಆ ಸೇತುವಿ ನನಗ ಬೇಕು. ಮ್ಯಾಲಿನ ಮಂದಿ ಸಮೇತ.'"

ನಾಹೀದಾ ಹಾಲೇಶನ ಮುಖ ನೋಡಿದಳು.

"ಒಲ್ಲೆ ಅಂದ್ರ?" ಅಂದ ಹಾಲೇಶ.

"ಶಕ್ತಿ ಹೋಗತೈತಿ. ನೀ ನಡುಹೊಳ್ಯಾಗ ಅದೀ."

ಹಾಲೇಶ ದಾಳವನ್ನು ಪಕ್ಕಕ್ಕೆ ಸರಿಸಿದ. "ಒಲ್ಲೆ," ಅಂದ. "ಒಲ್ಲೆ ಅಂತ ಹೇಳು ಅವಂಗ."

ಹೊಳೆ ದೋಣಿಯನ್ನು ಮಗುಚಿತು. ಕರಿಯ ಮುಳುಗಿದ. "ನಾ ಜಿಗೀತೀನಿ!" ಅಂತ ನಾಹೀದಾ ಕೂಗಿ ದಾಳ ಉರುಳಿಸಿದಳು. ಹದಿನೈದರ ಮೇಲೆ ಬೀಳಬೇಕಿತ್ತು. ಅದು ಚಾಪೆಯ ಅಂಚಿಗೆ ಹೋಗಿ, ಹೊರಳಿ, ಹದಿನೇಳಕ್ಕೆ ನಿಂತಿತು. ಮೂವರೂ ಹೋ ಅಂತ ಚೀರಿದರು. ಹಾಲೇಶ ನಕ್ಕ ನಗೆಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಹಗುರ ಅನ್ನಿಸಿ ಎಷ್ಟೋ ದಿನವಾಗಿತ್ತು.

ಆ ಗದ್ದಲದಲ್ಲೇ ಅವನಿಗೆ ಫೋನು ಬಂತು. ವಿರುಪಣ್ಣ.

"ಹಾಲ್ಯಾ, ನಾಕಕ್ಕ ಮ್ಯಾಲಿನ ಗೇಟ್ ಇಳಿಸಾವ ಅದೀಯಲ್ಲ?"

"ಹೌದ್ರಿ ಸಾವ್ಕಾರ್ರ. ಇವತ್ತಿಂದ ಕೆಳಗಿನವರ ಪಾಳಿ."

"ಇಳಿಸಬ್ಯಾಡ. ಜಾಮ್ ಆಗೇತಿ ಅನ್ನು. ನಾಳಿ ಮಧ್ಯಾಹ್ನದ ತನಕ ನೀರು ನಮ್ಮ ಕಡೀನ ಹರೀಲಿ."

ಹಾಲೇಶ ಎದ್ದು ಅಂಗಡಿಯ ಮುಂಭಾಗಕ್ಕೆ ಬಂದ. "ಸಾವ್ಕಾರ್ರ, ಕೆಳಗ ನೆಲ್ಲು ತೆನಿ ಒಡ್ಯಾಕತ್ತೈತ್ರಿ. ಈಗ ನೀರಿಲ್ಲಂದ್ರ…"

"ನಿನ್ನ ಕಾಲವಿ ಮ್ಯಾಲೆ ನಿಲ್ಲಿಸಿದವ್ರು ಯಾರಲೇ?"

"ನೀವ್ರಿ."

"ಇಷ್ಟು ದಿನ ಏನರ ಕೇಳೀನೇನು ನಿನ್ನ?"

ಒಳಗೆ ನಾಹೀದಾ ಇನ್ನೂ ನಗುತ್ತಿದ್ದಳು. ಒಲ್ಲೆ ಅನ್ನಲು ಹಾಲೇಶ ಬಾಯಿ ತೆರೆದ. "ಆತ್ರಿ," ಅಂತ ಬಂತು.

ಚಪ್ಪಲಿ ಮೆಟ್ಟುವಾಗ ನಾಹೀದಾ ಹಿಂದೆಯೇ ಬಂದಳು. "ಹಾಲೇಶಣ್ಣಾ, ಇವತ್ತು ನೀರು ಬರತೈತಲ್ಲ? ನಮ್ಮ ಚಾಚಾ ಮುಂಜಾನಿಂದ ಗದ್ದ್ಯಾಗ ನಿಂತಾರ." ಅವರ ಚಿಕ್ಕಪ್ಪ ಮಕ್ಬುಲಸಾಬನ ಗದ್ದೆ ಕಾಲುವೆಯ ಕಟ್ಟಕಡೆಗೆ. ಹಾಲೇಶ "ಹೂಂ" ಅಂದವನೇ ಬೈಕು ಹತ್ತಿದ.

ಕಾಲುವೆ ಇಬ್ಭಾಗವಾಗುವ ಕಡೆ, ಮೇಲಿನ ಕವಲಿನ ಬಾಯಿಗೆ ಆ ಗೇಟು; ಅದನ್ನು ಇಳಿಸಿ ಮುಚ್ಚಿದರೇ ನೀರು ಕೆಳಗಿನ ಕಾಲುವೆಗೆ ತಿರುಗುವುದು. ಈಗ ಅದು ತೆರೆದಿತ್ತು, ನೀರೆಲ್ಲ ವಿರುಪಣ್ಣನ ಕಡೆಗೆ ಸುಳಿದುಕೊಂಡು ಹೋಗುತ್ತಿತ್ತು. ಕೆಳಗಿನ ಕಾಲುವೆಯ ತಳದಲ್ಲಿ ಕೆಸರು ಬಿರುಕು ಬಿಟ್ಟಿತ್ತು. ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ತೊಡೆಯ ಮೇಲಿಟ್ಟುಕೊಂಡು ಹಾಲೇಶ ಕಟ್ಟೆಯ ಮೇಲೆ ಕುಳಿತ. ನಾಲ್ಕು ಹೊಡೆಯಿತು. ಅವನು ಏಳಲಿಲ್ಲ. ಬಿಸಿಲು ಓರೆಯಾಯಿತು. ಈ ಕೆಲಸ ಹೋದರೆ ಅವ್ವನ ಮುಖ ಹೇಗೆ ನೋಡಲಿ ಅಂತ ಒಂದು ಮನಸ್ಸು. ತೆನೆ ಒಡೆಯುವಾಗ ನೀರು ತಪ್ಪಿದ ಭತ್ತ ಏನಾಗುತ್ತದೆ ಅಂತ ಇನ್ನೊಂದು.

ಐದಾಗುತ್ತಾ ಬಂದಾಗ ಮಕ್ಬುಲಸಾಬನ ಫೋನು. "ಹಾಲೇಶಪ್ಪಾ, ನೀರು ಇನ್ನೂ ಕಾಣವಲ್ದು?"

"ಗೇಟ್ ಜಾಮ್ ಆಗೇತಿ ಚಾಚಾ."

"ಅಯ್ಯ, ಒಬ್ಬನ ಗುದ್ಯಾಡಾಕತ್ತೀಯೇನು? ಮೊದಲ ಹೇಳಬಾರದೇನಪ್ಪ! ತಡಿ, ನಾವು ನಾಕು ಮಂದಿ ಬರತೀವಿ. ಎಣ್ಣಿ ತರತೀವಿ. ಬಿಸಲಾಗ ನೀ ಒಬ್ಬಾವನ ಜೀವಾ ತಕ್ಕೋಬ್ಯಾಡ."

ಫೋನು ಕಟ್ಟಾಯಿತು. ಬೈದಿದ್ದರೆ ಹಾಲೇಶ ಕುಳಿತೇ ಇರುತ್ತಿದ್ದನೋ ಏನೋ. ಅವರು ಎಣ್ಣೆ ಹಿಡಿದು ಬರುತ್ತಿದ್ದಾರೆ. ಬಂದು ಗೇಟು ಮುಟ್ಟಿದರೆ ಸುಳ್ಳು ಗೊತ್ತಾಗುತ್ತದೆ. ನಾಚಿಕೆಯೋ, ಭಯವೋ, ಅಂತೂ ಅವನು ಎದ್ದ. ಹ್ಯಾಂಡಲ್ ಸಿಕ್ಕಿಸಿ ತಿರುಗಿಸತೊಡಗಿದ. ಗೇಟು ಕಿರ್ರೆನ್ನುತ್ತಾ ಇಳಿಯುತ್ತಿತ್ತು.

ಅರ್ಧ ಇಳಿದಿರಲಿಲ್ಲ, ಏರಿಯ ಮೇಲೆ ಜೀಪು ಬಂತು. ವಿರುಪಣ್ಣ ಒಬ್ಬನೇ ಇಳಿದ.

"ಏನ್ ಮಾಡಾಕತ್ತೀಯೋ?"

"ಗೇಟ್ ಇಳಿಸಾಕತ್ತೀನ್ರಿ." ಕೈ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ತಿರುಗಿಸಲಾರೆ ಅಂತ ಅವನಿಗೆ ಗೊತ್ತಿತ್ತು.

"ಹುಚ್ಚ ಹಿಡದೈತೇನು? ಬಿಡು." ವಿರುಪಣ್ಣ ಹ್ಯಾಂಡಲ್ ಹಿಡಿದ. ಇಬ್ಬರ ಕೈ ಒಂದರ ಮೇಲೊಂದು. ವಿರುಪಣ್ಣನ ಉಂಗುರ ಹಾಲೇಶನ ಬೆರಳಿನ ಗೆಣ್ಣಿಗೆ ಒತ್ತಿ ಚರ್ಮ ಕಿತ್ತಿತು. ಕೆಳಗೆ ನೀರು ಭೋರ್ಗರೆಯುತ್ತಿತ್ತು. ಕಾಲು ಜಾರಿದರೆ ಇಬ್ಬರೂ ಅದರಲ್ಲೇ.

"ಸಾವ್ಕಾರ್ರ, ನೀವು ಮಾಡಿದ್ದು ಮರೀಯಂಗಿಲ್ರಿ. ಬ್ಯಾರೆ ಏನರ ಕೇಳ್ರಿ, ಮೈಮುರದು ಮಾಡತೀನಿ. ಇದನ್ನ ಕೇಳಬ್ಯಾಡ್ರಿ."

"ನನಗ ಇದ ಬೇಕು."

"ಇದಾಗಂಗಿಲ್ರಿ."

ದೂರದಲ್ಲಿ ಬೈಕುಗಳ ಸದ್ದು ಕೇಳಿಸಿತು. ವಿರುಪಣ್ಣ ಅತ್ತ ನೋಡಿದ. ಕೈ ತೆಗೆದ. ಅಂಗಿಯ ತೋಳು ಸರಿಮಾಡಿಕೊಂಡು, ಜೋರು ಮಾಡದೆ ಅಂದ: "ನಾಳಿಂದ ಬರಬ್ಯಾಡ. ನಿಮ್ಮವ್ವಗೂ ನಾನ ಹೇಳತೀನಿ."

ಜೀಪು ಧೂಳೆಬ್ಬಿಸಿ ಹೋಯಿತು. ಹಾಲೇಶ ಗೇಟನ್ನು ಪೂರ್ತಿ ಇಳಿಸಿದ. ಮಕ್ಬುಲಸಾಬ ಎಣ್ಣೆಯ ಡಬ್ಬಿ ಹಿಡಿದು ಓಡುತ್ತಾ ಬಂದಾಗ ಕೆಳಗಿನ ಕಾಲುವೆಗೆ ನೀರು ನುಗ್ಗಿತ್ತು.

"ಅಲ್ಲಾನ ದಯಾ! ಬಿಟ್ಟಿತೇನಪ್ಪ ಜಾಮು?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಹಾಲೇಶ ಬೆರಳ ರಕ್ತ ಒರೆಸಿಕೊಂಡ. "ಜಾಮ್ ಆಗಿದ್ದಿಲ್ಲ ಚಾಚಾ. ಸಾವ್ಕಾರ್ರು ಹೇಳಿದ್ರು, ನಾ ಹೂಂ ಅಂದಿದ್ದೆ."

ಮಕ್ಬುಲಸಾಬ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಅವನನ್ನು ಒಮ್ಮೆ ದಿಟ್ಟಿಸಿ, ನೀರಿನ ಜೊತೆಗೇ ಗದ್ದೆಯ ಕಡೆ ನಡೆದುಬಿಟ್ಟ.

ಅನ್ನಮ್ಮ ಮಗನ ಜೊತೆ ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ. ಗಂಗಾಳದಲ್ಲಿ ರೊಟ್ಟಿ ಹಾಕಿ ಮುಂದೆ ತಳ್ಳುತ್ತಿದ್ದಳು, ಅಷ್ಟೇ. ಗೇಟಿಗೆ ಬೇರೆ ಹುಡುಗ ಬಂದ. ಹಾಲೇಶ ಮುನವ್ವರನ ಅಂಗಡಿಯಲ್ಲಿ ಕುಳಿತು ಒಡೆದ ಡಿಸ್‌ಪ್ಲೇ ಬದಲಿಸುವುದನ್ನು ಕಲಿಯತೊಡಗಿದ. ತಡವಾಗಿ ಬಂದ ನೀರು ಬಹಳಷ್ಟು ಗದ್ದೆಗಳನ್ನು ಉಳಿಸಿತು. ಪಾಳಿ ಮುಗಿಯುವಷ್ಟರಲ್ಲಿ ಮಕ್ಬುಲಸಾಬನ ಗದ್ದೆಯ ಕೊನೆಯ ಮಡಿಗೆ ಅದು ಮುಟ್ಟಲಿಲ್ಲ. ಅಲ್ಲಿಯ ತೆನೆಯೆಲ್ಲ ಜಳ್ಳು.

ಅದನ್ನು ಹೇಳಲು ಮಕ್ಬುಲಸಾಬನೇ ಅಂಗಡಿಗೆ ಬಂದ. ನಿಂತುಕೊಂಡೇ ಹೇಳಿದ. ಹಾಲೇಶ ತಲೆ ತಗ್ಗಿಸಿದ.

"ನಿನ್ನ ಮ್ಯಾಲೆ ಸಿಟ್ಟೈತಿ, ಇಲ್ಲ ಅನ್ನಂಗಿಲ್ಲ," ಅಂದ ಮಕ್ಬುಲಸಾಬ. "ಆದ್ರ ನೀ ಬಾಯಿ ಬಿಟ್ಟಿದ್ದಕ್ಕ ಸಾವ್ಕಾರನ ಆಟ ನಮಗ ಗೊತ್ತಾತು. ಮುಂದಿನ ಪಾಳಿಗೆ ನಾವೆಲ್ಲ ಗೇಟಿನ ಹತ್ರ ಕುಂದ್ರಾವ್ರು. ನೀನೂ ಬಾ. ಎಷ್ಟು ಇಳದ್ರ ಪೂರಾ ಇಳದಂಗ ಅಂತ ನಮಗೇನು ಗೊತ್ತು?"

ಪಾಳಿಯ ದಿನ ಕೆಳಗಿನ ಊರವರು ಮಧ್ಯಾಹ್ನವೇ ಬುತ್ತಿ ಕಟ್ಟಿಕೊಂಡು ಬಂದು ಏರಿಯ ಮೇಲೆ ಸಾಲಾಗಿ ಕುಳಿತರು. ಹೆಂಗಸರೂ ಇದ್ದರು. ಹಾಲೇಶ ಅವರ ನಡುವೆ ಕುಳಿತಿದ್ದ. ನಾಲ್ಕಕ್ಕೆ ಸ್ವಲ್ಪ ಮೊದಲು ವಿರುಪಣ್ಣನ ಜೀಪು ಬಂತು. ವೇಗ ತಗ್ಗಿಸಿತು. ಒಳಗಿಂದ ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಏಳಲಿಲ್ಲ, ಯಾರೂ ನಮಸ್ಕಾರ ಅನ್ನಲಿಲ್ಲ. ಜೀಪು ಮುಂದಕ್ಕೆ ಹೋಯಿತು.

"ಇಳಸೋ ತಮ್ಮಾ," ಅಂದ ಹಾಲೇಶ, ಹ್ಯಾಂಡಲ್ ಹಿಡಿದು ನಿಂತಿದ್ದ ಗೇಟಿನ ಹೊಸ ಹುಡುಗನಿಗೆ.