ಅಜ್ಜಿಯ ಸಹಿ ನಡೆಯಲಿಲ್ಲ

ಗಂಜಿ ಹಾಕಿದ ಹಾಸುಬಟ್ಟೆಗೆ ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದಾಗ ಏಳುವ ವಾಸನೆಯೇ ನನ್ನ ಬಾಲ್ಯದ ವಾಸನೆ. ಅಪ್ಪನ ಹನ್ನೆರಡು ಕೋಣೆಗಳ ಲಾಡ್ಜನ್ನು ಈಗ ನಾನು ನಡೆಸುತ್ತೇನೆ. ಅಲ್ಲಿ ಮೂರು ವರ್ಷ ದುಡಿದ ಮೊಮ್ಮಗಳು ಹೋಟೆಲ್ ಮ್ಯಾನೇಜ್‌ಮೆಂಟಿನ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದಳು. ಎರಡು ವರ್ಷದ ಅನುಭವ ಪತ್ರ ಬೇಕಿತ್ತು, ನಾನೇ ಬರೆದುಕೊಟ್ಟೆ.

ಅರ್ಜಿಯ ಕೊನೆಯ ದಿನ ಕಾಲೇಜಿನ ಗುಮಾಸ್ತರು ಅದರಲ್ಲಿ 'ನನ್ನ ಮೊಮ್ಮಗಳು' ಎಂದಿದ್ದನ್ನು ಓದಿ ನಕ್ಕರು. "ನಮ್ಮಜ್ಜಿ ಬರೆದುಕೊಟ್ಟಿದ್ರೆ ನಾನಿವತ್ತು ಪ್ರಿನ್ಸಿಪಾಲ್ ಆಗಿರ್ತಿದ್ದೆ! ನೆಂಟರದ್ದು ನಡೆಯಲ್ಲಮ್ಮ. ಕೆಲಸ ಕಲಿಸಿದವರ ಹತ್ರ ಬರೆಸ್ಕೊಂಡು ಸಂಜೆಯೊಳಗೆ ಬನ್ನಿ."

ಕಲಿಸಿದ್ದು ನಮ್ಮ ಹಳೆಯ ಮೇಲ್ವಿಚಾರಕಿ. ಹಾಸಿಗೆಯ ಮೇಲೆ ಒಂದು ಕೂದಲನ್ನೂ ಬಿಡದ ಅವರಿಗೆ ಎಲ್ಲರೂ ಇಟ್ಟ ಹೆಸರು ಭೂತಕನ್ನಡಿ. "ಲಾಡ್ಜು ನಮ್ಮದು, ನೀವ್ಯಾರು ಹೇಳೋಕೆ?" ಎಂದು ಮೊಮ್ಮಗಳು ಒಮ್ಮೆ ರೇಗಿದ್ದಕ್ಕೆ ಕೆಲಸ ಬಿಟ್ಟಿದ್ದರು.

ಅವರು ಈಗ ಕೆಲಸಕ್ಕಿರುವ ಹೋಟೆಲಿಗೆ ನಾವಿಬ್ಬರೂ ಹೋದಾಗ ಅವರು ಊಟದ ಡಬ್ಬಿ ಬಿಚ್ಚಲಿದ್ದರು. ಮೊಮ್ಮಗಳು ವಿಷಯ ಹೇಳಿ, "ಅಕ್ಕಾ, ಅವತ್ತು ತಪ್ಪು ಮಾತಾಡಿಬಿಟ್ಟೆ," ಎಂದಳು.

"ಆ ಮಾತು ಬಿಡು. ಹಾಸಿನ ಮೂಲೆ ಮಡಿಸೋದು ಮರೆತಿಲ್ಲ ತಾನೇ?"

"ಕಣ್ಮುಚ್ಚಿ ಮಡಿಸ್ತೀನಿ."

"ಕಣ್ಮುಚ್ಚಿದ್ರೆ ಕೂದಲು ಯಾರು ನೋಡ್ತಾರೆ?" ಎನ್ನುತ್ತಲೇ ಅವರು ಪುಟ ತುಂಬ ಬರೆದು ಸಹಿ ಹಾಕಿದರು. ಬೆಳಗಿನಿಂದ ಏನೂ ತಿಂದಿರದ ಮೊಮ್ಮಗಳ ಮುಖವನ್ನೊಮ್ಮೆ ನೋಡಿ, ಪತ್ರದ ಜೊತೆಗೆ ಡಬ್ಬಿಯನ್ನೂ ಅವಳ ಕೈಗಿಟ್ಟರು.