ಹತ್ತು ವಾರಕ್ಕೆ ಕೊಟ್ಟ ಹೆಸರು

ಪರದೇಶದ ಮಕ್ಕಳು ಬರುವ ಹಿಂದಿನ ದಿನ ಮಾರೆಫಿಲ್ವೆ ಹಿತ್ತಿಲ ಕೋಣೆಯ ನೆಲ ಸಾರಿಸುತ್ತಿದ್ದಳು. ಸಗಣಿಗೆ ಕೆಮ್ಮಣ್ಣು ಕಲಸಿ, ಬೆರಳಿನಿಂದ ಗೆರೆ ಎಳೆಯುತ್ತ, ಕೂತಲ್ಲೇ ಬಾಗಿಲ ಕಡೆ ಸರಿಯುತ್ತ ಬಂದಳು. ಲೆಸೂತೋದ ಬೆಟ್ಟದ ಶಾಲೆಗಳಲ್ಲಿ ಎರಡು ವರ್ಷ ಪಾಠ ಹೇಳಲು ಬಂದ ಹತ್ತು ಮಂದಿ ಸ್ವಯಂಸೇವಕರು, ಮೇಲೆ ಹತ್ತುವ ಮುಂಚೆ ಹತ್ತು ವಾರ ಈ ತಗ್ಗಿನ ಹಳ್ಳಿಯಲ್ಲಿರಬೇಕಿತ್ತು. ಮನೆಗೊಬ್ಬರು. ನೀರು ಹೊರುವುದು, ಒಲೆ ಹಚ್ಚುವುದು, ಮಾತಾಡುವುದು, ಎಲ್ಲ ಕಲಿಯಬೇಕು. ಬಂದ ದಿನವೇ ಮನೆಯ ತಾಯಿ ಅವರಿಗೆ ತನ್ನ ಭಾಷೆಯ ಹೆಸರಿಟ್ಟು ಊರೆದುರು ಕೂಗಿ ಹೇಳಬೇಕು.

"ಏನಂತ ಹೆಸ್ರಿಡ್ತೀಯೇ?" ಬಾಗಿಲಲ್ಲಿ ನಿಂತಿದ್ದ ಗಂಡನ ಅಕ್ಕ ಮಾಲೆಬೊನ ಕೇಳಿದಳು.

"ಪಲೇಸ ಅಂತ ಅಂದ್ಕೊಂಡಿದೀನಿ ಅತ್ಗೆ."

"ಹೂವಿನ ಹೆಸ್ರು. ಒಳ್ಳೇದು, ಬಾಡಿದ್ರೂ ಯಾರೂ ಅಳಲ್ಲ. ಆ ಇನ್ನೊಂದು ಹೆಸ್ರು ಮಾತ್ರ ಬಾಯಿಗೆ ತರ್ಬೇಡ ಕಣೇ. ನಮ್ಮವ್ವಂದು ನಿನ್ ಮಗಳಿಗೆ ಬಂತು. ಇನ್ನು ಈ ಮನೇಲೇ ಉಳಿಯೋ ಕೂಸಿಗೇ ಅದು. ಹತ್ತು ವಾರಕ್ಕೆ ಬಂದೋಳು ಹೊತ್ಕೊಂಡು ಹೋದ್ರೆ ಎಲ್ಲಿ ಅಂತ ಹುಡುಕ್ತೀಯ?"

"ನಂಗೇನು ಬುದ್ಧಿ ಇಲ್ವಾ?"

ಚೊಚ್ಚಲ ಮಗುವಿನ ಹೆಸರಿಗೆ 'ಮಾ' ಸೇರಿಸಿ ತಾಯಿಯನ್ನು ಕರೆಯುವ ಊರು ಅದು. ಹತ್ತೊಂಬತ್ತರ ರೆಫಿಲ್ವೆ ಕೆಮ್ಮಿ ಕೆಮ್ಮಿ ಕಣ್ಣು ಮುಚ್ಚಿ ಮೂರು ವರ್ಷವಾಗಿತ್ತು. ತಾಯಿ ಇನ್ನೂ ಎಲ್ಲರಿಗೂ ಮಾರೆಫಿಲ್ವೆಯೇ. ಆದರೆ ಅಂದಿನಿಂದ ಆ ಅಂಗಳದಲ್ಲಿ ಬರಿಯ ರೆಫಿಲ್ವೆ ಎಂದು ಯಾರೂ ಕೂಗಿರಲಿಲ್ಲ.

ಮಾರನೆಯ ದಿನ ಊರ ಮುಖ್ಯಸ್ಥನ ಅಂಗಳದಲ್ಲಿ ವ್ಯಾನು ನಿಂತಿತು. ಹೆಂಗಸರು ಸ್ವಾಗತಕ್ಕೆಂದು ನಾಲಿಗೆ ಹೊರಳಿಸಿ ಉಲಿದರು. ಮಾರೆಫಿಲ್ವೆಯ ಪಾಲಿಗೆ ಬಂದವಳು ನಾರ್ವೆಯ ಮಾರಿಟ್. ಬಿಸಿಲಿಗೆ ಸುಲಿದ ಮೂಗು, ಬೆನ್ನಿಗಿಂತ ದೊಡ್ಡ ಚೀಲ. ಯಾರೋ ಹೇಳಿಕೊಟ್ಟಂತೆ ಮಂಡಿ ಬಗ್ಗಿಸಿ ಎರಡೂ ಕೈ ಚಾಚಿದಳು. ಮಾರೆಫಿಲ್ವೆ ಆ ಕೈ ಹಿಡಿದು ಬಾಯಿ ತೆರೆದಳು.

"ರೆಫಿಲ್ವೆ!"

ಉಲಿ ಒಂದು ಉಸಿರಿನಷ್ಟು ಹೊತ್ತು ನಿಂತು, ಮತ್ತೆ ಎದ್ದಿತು. ಮಾಲೆಬೊನ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಮನೆಯ ದಾರಿ ಹಿಡಿದಳು.

ಅಲ್ಲಿಂದ ಮಾರೆಫಿಲ್ವೆ ಕೂಗುವುದಕ್ಕೆಂದೇ ಕೆಲಸ ಹುಡುಕತೊಡಗಿದಳು. "ರೆಫಿಲ್ವೇ, ಕೋಳಿ ಕೂಡ್ಹಾಕು! ರೆಫಿಲ್ವೇ, ಸೌದೆ ತಾ!" ಕೂಡಿಹಾಕಿದ ಕೋಳಿಯನ್ನೇ ಮತ್ತೆ ಕೂಡಿಹಾಕಬೇಕಾಗುತ್ತಿತ್ತು. ಹುಡುಗಿ ಪ್ರತಿ ಸಲವೂ "ಓ, ಅಮ್ಮ!" ಎಂದು ಓಡಿ ಬರುತ್ತಿದ್ದಳು. ನಲ್ಲಿಯ ಬಳಿ ಹೆಂಗಸರು ಬಿದ್ದು ಬಿದ್ದು ನಕ್ಕರು: "ನಿನ್ ಮಗ್ಳು ಮನೆಗೆ ಅರ್ಧ ಬಿಂದಿಗೆ ತರ್ತಾಳೆ, ದಾರಿಗೆ ಇನ್ನರ್ಧ ಕುಡಿಸ್ತಾಳೆ ಕಣಮ್ಮ!" ಆರನೆಯ ವಾರದ ಹೊತ್ತಿಗೆ ತಲೆಯ ಮೇಲಿನ ನೀರು ತುಳುಕುವುದು ನಿಂತಿತು. ಮಾಲೆಬೊನಳೂ ಸೋತು, ಆ ಹೆಸರಿನಿಂದಲೇ ಕರೆದು ಸೊಪ್ಪು ಸೋಸಲು ಹೇಳಿಕೊಟ್ಟಳು.

ಒಂದು ಸಂಜೆ ಹಿಟ್ಟು ತಿರುವುತ್ತ ಹುಡುಗಿ ಒಂದೊಂದೇ ಮಾತು ಹುಡುಕಿ ಕೇಳಿದಳು. "ಅಮ್ಮ, ನಲ್ಲಿ ಹತ್ರ ನಿಮ್ ಮಗಳ ವಿಷ್ಯ ಹೇಳಿದ್ರು. ಅವಳ ಹೆಸ್ರು ನಂಗ್ಯಾಕೆ?"

"ಬಾಯಿಗೆ ಬಂತು. ತಿರುವು, ತಳ ಹಿಡೀತದೆ."

ಹತ್ತನೆಯ ವಾರ ಕಳೆದು, ಬೆಟ್ಟಕ್ಕೆ ಹೋಗುವ ಲಾರಿ ಬಂತು. ಮಾರೆಫಿಲ್ವೆ ಬುದ್ಧಿ ಹೇಳಿದ್ದೇ ಹೇಳಿದ್ದು: ಅಲ್ಲಿ ಹಿಮ ಬೀಳ್ತದೆ, ಕಾಲು ಬೆಚ್ಚಗಿಡು, ನೀರು ಕಾಯಿಸಿ ಕುಡಿ, ದೊಡ್ಡೋರ ಎದುರು ನಿಂತು ಉಣ್ಬೇಡ.

ಐದನೆಯ ದಿನ ಫೋನು ಬಂತು. ಮನೆಯಲ್ಲಿ ಮಾತು ತುಂಡಾಗುತ್ತದೆಂದು ಮಾರೆಫಿಲ್ವೆ ದನದ ದೊಡ್ಡಿಯ ಹಿಂದಿನ ದಿಬ್ಬ ಹತ್ತಿದಳು.

"ಅಮ್ಮ, ಚೆನ್ನಾಗಿದೀನಿ. ನಾನು ಬಂದ ದಿನ ಇಲ್ಲಿ ಮಳೆ. ಈ ಮನೆ ಅಮ್ಮ ನಂಗೆ ಪುಲೆಂಗ್ ಅಂತ ಹೆಸ್ರಿಟ್ಟಿದಾರೆ, ಮಳೇಲಿ ಬಂದೋಳು ಅಂತ. ನಂಗೆ ಹೆಸ್ರಿದೆ ಅಂದೆ. ಅದು ಆ ಮನೇದು, ಇಲ್ಲಿ ಇದು ಅಂದ್ರು. ನೀವು ಬೇಡ ಅಂದ್ರೆ ಒಪ್ಪಲ್ಲ. ಅವ್ರಿಗೆ ಇನ್ನೊಂದ್ಸಲ ಹೇಳ್ತೀನಿ."

ಬೇಡ ಎನ್ನಲು ಒಂದೇ ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎರಡು ವರ್ಷ ಆ ಬೆಟ್ಟದಲ್ಲಿ ಹುಡುಗಿ ಉಣ್ಣಬೇಕಾದದ್ದು ಇನ್ನೊಬ್ಬಳ ಒಲೆಯದು. ಕಾಯಿಲೆ ಬಿದ್ದರೆ ಹಣೆ ಮುಟ್ಟಿ ನೋಡುವವಳೂ ಅವಳೇ.

"ಒಳ್ಳೇ ಹೆಸ್ರು," ಎಂದಳು ಮಾರೆಫಿಲ್ವೆ. "ಆಯಮ್ಮ ಕೂಗಿದ್ರೆ ಎರಡನೇ ಸಲ ಕೂಗಿಸ್ಬೇಡ. ಓ ಅಂತ ಹೋಗು."

"ನೀವು ನನ್ನ ಏನಂತ ಕರೀತೀರಿ?"

"ಪುಲೆಂಗ್ ಅಂತ್ಲೇ. ಹುಷಾರು ಪುಲೆಂಗ್."

ಇಳಿದು ಬರುವಾಗ ದೊಡ್ಡಿಯ ಗೋಡೆಯ ಪಕ್ಕ ಮಾಲೆಬೊನ ಕಾಯುತ್ತಿದ್ದಳು. "ಏನಂತೇ? ರೆಫಿಲ್ವೆ ಏನಂದ್ಲು?"

"ರೆಫಿಲ್ವೆ ತೀರ್ಕೊಂಡು ಮೂರು ವರ್ಷ ಆಯ್ತಲ್ಲ ಅತ್ಗೆ."

ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ, ಕಲ್ಲುಗೋಡೆಗೆ ಒರಗಿ ಕುಸಿದು ಕೂತಳು. ಮಾಲೆಬೊನ ಪಕ್ಕದಲ್ಲಿ ಕೂತು, ತನ್ನ ಕಂಬಳಿಯ ಒಂದು ಸೆರಗನ್ನು ಅವಳ ಬೆನ್ನಿಗೂ ಹೊದಿಸಿದಳು.