ಗಂಟಲಲ್ಲಿ ಇಲ್ಲದ ಮೂಳೆ

ನಮ್ಮ ಮಾಂಸದಂಗಡಿಯ ಎದುರು ಯಾವಾಗಲೂ ನಾಲ್ಕೈದು ನಾಯಿಗಳು ಇರುತ್ತವೆ. ಮಾಂಸದಂಗಡಿ ಅಂದಮೇಲೆ ನಾಯಿ ಇರದೆ ನವಿಲು ಇರುತ್ತದೆಯೇ? ಅವುಗಳಲ್ಲಿ ಕಂದು ಬಣ್ಣದ ಒಂದಕ್ಕೆ ನನ್ನ ಗಂಡ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಕತ್ತಿ ಮಸೆಯುವುದರಿಂದ ಹಿಡಿದು ಬಾಗಿಲು ಎಳೆಯುವವರೆಗೆ ಅದು ಮೆಟ್ಟಿಲ ಮೇಲೆ ಕುಳಿತು ನಮ್ಮ ಕೆಲಸದ ಉಸ್ತುವಾರಿ ನೋಡುತ್ತಿತ್ತು. ಕಸದ ಲಾರಿ ಬಂದರೆ ಬೀದಿಗೆ ಬೀದಿಯೇ ಏಳುವಂತೆ ಬೊಗಳುತ್ತಿತ್ತು.

ಆ ನಾಯಿಗಳ ಹಿಂದೆ ಒಬ್ಬ ಹುಡುಗಿಯೂ ಬರುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು. ಮಾರುಕಟ್ಟೆಯ ಹಿಂದಿನ ಕಸದ ಗುಡ್ಡೆ ಬೆಳೆದಂತೆ ನಾಯಿಗಳ ನಡವಳಿಕೆ ಹೇಗೆ ಬದಲಾಗುತ್ತದೆ, ಅದರಿಂದ ಜನರ ಆರೋಗ್ಯಕ್ಕೆ ಏನಾಗುತ್ತದೆ ಎಂಬುದು ಅವಳ ಓದು. ಯಾವ ನಾಯಿ ಎಲ್ಲಿ ಮಲಗಿತು, ಯಾವುದರ ಜೊತೆ ಕಚ್ಚಾಡಿತು, ಎಲ್ಲವನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಬೀದಿಯವರು ಅವಳನ್ನು ನಾಯಿ ಪಂಡಿತೆ ಎನ್ನುತ್ತಿದ್ದರು.

"ನಾಯಿ ಮಲಗೋದನ್ನ ನೋಡೋಕೆ ಇಷ್ಟು ವರ್ಷ ಓದಬೇಕಿತ್ತಾಮ್ಮಾ?" ಎಂದು ನನ್ನ ಗಂಡ ಕಿಚಾಯಿಸುತ್ತಿದ್ದರು.

"ಏನು ಮಾಡೋದಣ್ಣ, ನಾಯಿಗಳು ತಾವಾಗೇ ಬರೆದುಕೊಡಲ್ಲ" ಎಂದು ಅವಳೂ ನಗುತ್ತಿದ್ದಳು.

ಅವತ್ತು ಬುಧವಾರ. ತಂಗಿಯ ಮನೆಗೆ ಹೋಗಿದ್ದರಿಂದ ಸೋಮವಾರ, ಮಂಗಳವಾರ ಅಂಗಡಿ ಮುಚ್ಚಿತ್ತು. ಬಾಗಿಲು ತೆಗೆದು ಒಂದು ಗಂಟೆಯಾದರೂ ಮೇಸ್ತ್ರಿ ಮೆಟ್ಟಿಲ ಮೇಲೆ ಕಾಣಲಿಲ್ಲ. ಹುಡುಕಿದರೆ ಪಕ್ಕದ ತಳ್ಳುಗಾಡಿಯ ಕೆಳಗೆ, ಕತ್ತಲಲ್ಲಿ ಕುಳಿತಿತ್ತು. ಬಾಯಿ ತೆರೆದೇ ಇತ್ತು. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು.

"ಅಯ್ಯೋ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಕಣೆ!" ಎಂದರು ನನ್ನ ಗಂಡ. ಇಪ್ಪತ್ತು ವರ್ಷ ಮೂಳೆ ಕಡಿದ ಕೈ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಕೈಯಲ್ಲಿ ದವಡೆ ಹಿಡಿದು ಇನ್ನೊಂದು ಕೈಯನ್ನು ಅದರ ಬಾಯೊಳಗೆ ಹಾಕಿಯೇಬಿಟ್ಟರು. ಮೇಸ್ತ್ರಿ ಕಚ್ಚಲಿಲ್ಲ, ಗುರ್ ಎನ್ನಲೂ ಇಲ್ಲ. ಗಂಟಲವರೆಗೆ ತಡಕಾಡಿದರೂ ಮೂಳೆ ಸಿಗಲಿಲ್ಲ. ಬಕೆಟ್ಟಿನ ನೀರಲ್ಲಿ ಕೈ ಅದ್ದಿ, ಟವೆಲ್ಲಿಗೆ ಒರೆಸಿಕೊಂಡು, ಮತ್ತೆ ಕತ್ತಿ ಹಿಡಿದರು.

ಅಷ್ಟರಲ್ಲಿ ನಾಯಿ ಪಂಡಿತೆ ಬಂದಳು. ತಳ್ಳುಗಾಡಿಯ ಕೆಳಗೆ ನೋಡಿದವಳು ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಅಣ್ಣ, ಇದನ್ನ ಯಾರಾದರೂ ಮುಟ್ಟಿದ್ರಾ?"

"ನಾನೇ ಈಗ ಬಾಯಲ್ಲಿ ಕೈ ಹಾಕಿ ನೋಡಿದೆ. ಮೂಳೆ ಒಳಗೆ ಜಾರಿದೆ ಅನ್ಸುತ್ತೆ."

"ಯಾವ ಮೂಳೆ ಅಣ್ಣ? ಎರಡು ದಿನ ನಿಮ್ಮ ಅಂಗಡಿ ಮುಚ್ಚಿತ್ತು. ಇವತ್ತು ನೀವು ಇದಕ್ಕೆ ಏನಾದರೂ ಹಾಕಿದ್ರಾ?"

ನನ್ನ ಗಂಡನ ಕತ್ತಿ ನಿಂತಿತು. ಹಾಕಿರಲಿಲ್ಲ.

ಅವಳು ನೋಟ್‌ಬುಕ್ ತೆರೆದಳು. "ಸೋಮವಾರ ಬೆಳಿಗ್ಗೆ ಕಸದ ಲಾರಿ ಬಂದರೂ ಮೇಸ್ತ್ರಿ ಬೊಗಳಲಿಲ್ಲ. ನಿನ್ನೆ ಯಾರೋ ಬ್ರೆಡ್ ಹಾಕಿದರು, ಮೂಸಿ ಬಿಟ್ಟುಬಿಡ್ತು. ನೀರಿಗೆ ನಾಲಿಗೆ ಹಾಕ್ತಿತ್ತು, ನುಂಗೋಕೆ ಆಗ್ತಿರಲಿಲ್ಲ. ಅನುಮಾನ ಬಂದು ಪಶುವೈದ್ಯರಿಗೆ ಫೋನ್ ಮಾಡಿದೆ, ಇವತ್ತು ಬರ್ತೀನಿ ಅಂದ್ರು. ನಿಮಗೂ ನಿನ್ನೆಯೇ ಹೇಳಬೇಕಿತ್ತು ಅಣ್ಣ, ತಪ್ಪಾಯ್ತು. ಇದು ರೇಬಿಸ್ ಇರಬಹುದು."

"ಹುಚ್ಚುನಾಯಿ ರೋಗನಾ? ಹುಚ್ಚು ಹಿಡಿದಿದ್ರೆ ಓಡಾಡಿ ಕಚ್ಚುತ್ತಿತ್ತು. ಇದು ಪಾಪ, ಮೂಲೆ ಹಿಡಿದಿದೆ. ಮೇಲಾಗಿ ಕಚ್ಚೇ ಇಲ್ಲವಲ್ಲ!"

"ಎಲ್ಲ ನಾಯಿಯೂ ಓಡಾಡಿ ಕಚ್ಚಲ್ಲ ಅಣ್ಣ. ಕೆಲವು ಹೀಗೇ ಮಂಕಾಗುತ್ತವೆ. ದವಡೆಯ ಬಲ ಹೋಗುತ್ತೆ, ನೋಡಿದವರಿಗೆ ಮೂಳೆ ಸಿಕ್ಕಿಕೊಂಡ ಹಾಗೇ ಕಾಣುತ್ತೆ. ಕನಿಕರ ಇರೋರೇ ಕೈ ಹಾಕ್ತಾರೆ. ವಿಷ ಇರೋದು ಜೊಲ್ಲಿನಲ್ಲಿ. ಎಲ್ಲಿ, ಕೈ ತೋರಿಸಿ."

ಕೈ ಚಾಚಿದರು. ಹೆಬ್ಬೆರಳ ಬುಡದಲ್ಲಿ ಬೆಳಿಗ್ಗೆ ಕತ್ತಿ ತಾಗಿದ ಹಸಿ ಗಾಯವಿತ್ತು. ಮಾಂಸ ಕಡಿಯುವವರ ಕೈಯಲ್ಲಿ ಗಾಯವಿಲ್ಲದ ದಿನ ಯಾವುದು? ಅದನ್ನು ನೋಡುತ್ತಿದ್ದಂತೆ ನಾನು ಅವರ ಕತ್ತಿಯನ್ನು ಕಿತ್ತು ಪಕ್ಕಕ್ಕಿಟ್ಟೆ.

"ರೋಗ ಬಂದರೆ ಮದ್ದಿದೆ ತಾನೇ?" ಎಂದೆ.

ಅವಳು ನನ್ನನ್ನೇ ನೋಡಿದಳು. "ಬಂದ ಮೇಲೆ ಇಲ್ಲ ಅಕ್ಕ. ಬರೋಕೆ ಮೊದಲು ಇದೆ. ಅದಕ್ಕೇ ಈಗಲೇ ಹೊರಡಬೇಕು. ಮೊದಲು ಸೋಪು ತನ್ನಿ."

ನಲ್ಲಿ ತಿರುಗಿಸಿದಳು. ಹರಿಯುವ ನೀರಲ್ಲಿ, ಸೋಪು ಹಚ್ಚಿ, ಹದಿನೈದು ನಿಮಿಷ. ನಾನು ಗೋಡೆ ಗಡಿಯಾರ ನೋಡುತ್ತಾ ನಿಂತೆ. ಐದು ನಿಮಿಷಕ್ಕೇ ನನ್ನ ಗಂಡ, "ಸಾಕಲ್ವಾ? ಚರ್ಮವೇ ಕಿತ್ತು ಬರುತ್ತೆ" ಎಂದರು. "ಬರಲಿ ಬಿಡ್ರೀ!" ಎಂದು ಗದರಿದೆ. ಅಷ್ಟು ಜೋರಾಗಿ ಅವರ ಮೇಲೆ ನಾನು ಯಾವತ್ತೂ ಕೂಗಿದವಳಲ್ಲ. ಹೆದರಿಕೆ ನನ್ನ ಬಾಯಿಂದ ಕೋಪವಾಗಿ ಬಂತು. ಗದ್ದಲ ಕೇಳಿ ಮನೆಯೊಳಗಿದ್ದ ನಮ್ಮ ಅತ್ತೆ ಅದೇನೋ ಸೊಪ್ಪು ಅರೆದು ತಂದರು. ಹುಡುಗಿ ಅವರ ಕೈ ಹಿಡಿದು, "ಬೇಡಮ್ಮ, ಗಾಯಕ್ಕೆ ಏನನ್ನೂ ಮೆತ್ತಬಾರದು, ಕಟ್ಟಲೂ ಬಾರದು" ಎಂದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ನನ್ನ ಗಂಡ ಮೆಲ್ಲಗೆ ನನ್ನ ಕಿವಿಯಲ್ಲಿ, "ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯಂತೆ ಕಣೆ" ಎಂದರು. ದಿನಾ ಕತ್ತಿ ಹಿಡಿಯುವ ಮನುಷ್ಯ!

ನರ್ಸಮ್ಮನಿಗೆ ಅದು ಕೇಳಿಸಿತು. "ಅದು ನಿಮ್ಮ ತಾತನ ಕಾಲದ್ದು. ಈಗ ತೋಳಿಗೆ, ಕೆಲವೇ ಸೂಜಿ. ಗಾಯಕ್ಕೆ ಜೊಲ್ಲು ತಾಗಿರೋದ್ರಿಂದ ಅದರ ಸುತ್ತ ಇನ್ನೊಂದು ಮದ್ದು ಕೊಡ್ತೀವಿ. ಆದರೆ ಚೀಟಿಯಲ್ಲಿ ಬರೆದ ಒಂದು ದಿನವನ್ನೂ ತಪ್ಪಿಸಬಾರದು" ಎಂದರು.

ಅವತ್ತೇ ಪಶುವೈದ್ಯರು ಗ್ಲೌಸ್ ಹಾಕಿಕೊಂಡು ಬಂದು ಮೇಸ್ತ್ರಿಯನ್ನು ಕೊಂಡೊಯ್ದರು. ಮರುದಿನ ಅದು ಸತ್ತಿತು. ರೋಗ ಯಾವುದೆಂದು ತಿಳಿಯಲು ಅದರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಸುದ್ದಿ ಕೇಳಿ ನನ್ನ ಗಂಡ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ನನಗೂ ಅಳು ಬಂತು. ಆದರೆ ಅಳುವುದಕ್ಕಿಂತ ಹೆಚ್ಚಾಗಿ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಸಲ ಕೆಮ್ಮಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಿದ್ದೆ.

ಎರಡನೆಯ ಸೂಜಿಯೂ ಆಯಿತು. ಮೂರನೆಯದು ಬಿದ್ದದ್ದು ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ದಿನ. "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ನಾಳೆ ಹೋದರಾಯ್ತು" ಎಂದರು. ನಾನು ಬೇಡಿದೆ, ಬೈದೆ. ಕೇಳಲಿಲ್ಲ.

ಆಗ ನಾಯಿ ಪಂಡಿತೆ ಬಂದಳು. ಗಿರಾಕಿಗಳನ್ನು ದಾಟಿ ಕಟ್ಟೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಅಣ್ಣ, ಪ್ರಯೋಗಾಲಯದಿಂದ ವರದಿ ಬಂತು. ಮೇಸ್ತ್ರಿಗೆ ರೇಬಿಸ್ ಇತ್ತು."

ನನ್ನ ಗಂಡ ಕತ್ತಿ ಕೆಳಗಿಟ್ಟರು. ಏಪ್ರನ್ ಬಿಚ್ಚಲೂ ಇಲ್ಲ. ಅಂಗಡಿಯನ್ನು ಹಾಗೇ ಬಿಟ್ಟು ಆಸ್ಪತ್ರೆಯ ಕಡೆ ನಡೆದರು. ನಾನು ಚೀಟಿ ಹಿಡಿದು ಹಿಂದೆ ಓಡಿದೆ.

ಬೀದಿಯವರು ಉಳಿದ ನಾಯಿಗಳಿಗೆ ವಿಷ ಹಾಕಲು ಹೊರಟಿದ್ದರು. ಹುಡುಗಿ ನೋಟ್‌ಬುಕ್ ತೋರಿಸಿದಳು. ಎರಡು ತಿಂಗಳ ಹಿಂದೆ ಕಸದ ಗುಡ್ಡೆಗೆ ಬಂದ ಹೊಸ ನಾಯಿಯೊಂದು ಮೇಸ್ತ್ರಿಯನ್ನೂ ಇನ್ನೂ ಮೂರು ನಾಯಿಗಳನ್ನೂ ಕಚ್ಚಿತ್ತು. "ಕಸ ಇರೋವರೆಗೂ ಹೊಸ ನಾಯಿ ಬರುತ್ತಲೇ ಇರುತ್ತೆ. ಇವಕ್ಕೆ ಲಸಿಕೆ ಹಾಕಿಸೋಣ, ಕೊಂದರೆ ಆ ಜಾಗಕ್ಕೆ ಲಸಿಕೆ ಇಲ್ಲದ ಇನ್ನೊಂದು ಬರುತ್ತೆ" ಎಂದಳು. ಕಚ್ಚಿಸಿಕೊಂಡ ಆ ಮೂರನ್ನು ಪಶುವೈದ್ಯರು ಬೇರೆ ಇಟ್ಟು ನೋಡಿಕೊಂಡರು. ಉಳಿದವಕ್ಕೆ ಲಸಿಕೆ ಆಯಿತು. ಆ ಗುಡ್ಡೆಗೆ ನಾವೂ ದಿನಾ ಒಂದು ಬುಟ್ಟಿ ತ್ಯಾಜ್ಯ ಸುರಿಯುತ್ತಿದ್ದೆವು, ಸುಳ್ಳೇಕೆ ಹೇಳಲಿ. ಈಗ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ ಲಾರಿಗೇ ಕೊಡುತ್ತೇವೆ.

ಇದೆಲ್ಲ ಆಗಿ ಒಂದು ವರ್ಷವಾಯಿತು. ಸೂಜಿ ಪೂರ್ತಿಯಾಗಿ ನನ್ನ ಗಂಡ ಗಟ್ಟಿಮುಟ್ಟಾಗಿದ್ದಾರೆ. ಇನ್ನು ಭಯವಿಲ್ಲ ಎಂದು ಡಾಕ್ಟರೂ ಹೇಳಿದ್ದಾರೆ. ಆದರೂ, ಆ ರೋಗ ಬಂದವರ ಗಂಟಲಲ್ಲಿ ನೀರು ಇಳಿಯುವುದಿಲ್ಲ ಎಂದು ಕೇಳಿದಾಗಿನಿಂದ, ದಿನಾ ಬೆಳಿಗ್ಗೆ ಅವರು ಲೋಟ ಎತ್ತಿ ನೀರು ಕುಡಿಯುವಾಗ ನನ್ನ ಕಣ್ಣು ಅವರ ಗಂಟಲ ಮೇಲೆ ಇರುತ್ತದೆ. ನೀರು ಇಳಿದ ಮೇಲೆಯೇ ನಾನು ಒಲೆ ಹಚ್ಚುವುದು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನನ್ನ ಹಾಗೆ ಹೆದರಿ ಬದುಕಬೇಡಿ. ಮಂಕಾದ, ಜೊಲ್ಲು ಸುರಿಸುವ ನಾಯಿ ಕಂಡರೆ ಕನಿಕರವಿರಲಿ, ಕೈ ಮಾತ್ರ ದೂರವಿರಲಿ. ಪಶುವೈದ್ಯರಿಗೆ ತಿಳಿಸಿ. ಕಚ್ಚಿರಲಿ, ಪರಚಿರಲಿ, ಗಾಯವನ್ನು ನೆಕ್ಕಿರಲಿ, ಸಣ್ಣದು ಎಂದು ಬಿಡಬೇಡಿ. ಸೋಪು, ಹರಿಯುವ ನೀರು, ಹದಿನೈದು ನಿಮಿಷ, ಆಮೇಲೆ ನೇರ ಆಸ್ಪತ್ರೆ. ಎಷ್ಟೇ ದಿನ ತಡವಾಗಿದ್ದರೂ ಹೋಗಿ. ಕೊನೆಯ ಸೂಜಿಯವರೆಗೂ ಹೋಗಿ. ನಾಯಿಯ ವರದಿಗೆ ಕಾಯಬೇಡಿ, ನೆರೆಯವರ ಮಾತಿಗೂ ಕಾಯಬೇಡಿ.

ಮೊದಲು ನಲ್ಲಿ ತಿರುಗಿಸಿ.